ಹಾರ್ಮೋನಿಯಂ ಬಿಟ್ಟು ಹೋದ ಸಿಸ್ಟರು: ಸಂಗೀತ ಕಲಿಸೋ ಕನ್ಯಾಸ್ತ್ರೀಯರ ಬದುಕು ಹೇಗಿರುತ್ತೆ

1993ರ ಮೇ ತಿಂಗಳು, ನಾನು ಏಳನೇ ಕ್ಲಾಸ್ ಮುಗಿಸಿದ್ದೆ, ನಮಗೆ ಸಂಗೀತ ಹೇಳಿಕೊಡ್ತಿದ್ದ ಸಿಸ್ಟರು ತುಮಕೂರು ಬಿಟ್ಟು ಹೋದ್ರು. ಬಸ್ ಸ್ಟ್ಯಾಂಡಿಗೆ ಬಿಡೋಕೆ ನಾನೂ ಅಮ್ಮನೂ ಹೋಗಿದ್ವಿ. ಹನ್ನೊಂದು ವರ್ಷ ಇದ್ದ ಊರಿಂದ ಅವರು ತಗೊಂಡು ಹೊರಟಿದ್ದು ಒಂದು ಕಂದು ಬಣ್ಣದ ಸೂಟ್‌ಕೇಸು, ಒಂದು ಬಟ್ಟೆ ಚೀಲ, ಅಮ್ಮ ಕಟ್ಟಿಕೊಟ್ಟಿದ್ದ ಮಾವಿನಹಣ್ಣು, ಅಷ್ಟೇ. ಅಮ್ಮ ಸುತ್ತ ನೋಡಿ ಕೇಳೇಬಿಟ್ರು, "ಅಲ್ಲ ಸಿಸ್ಟರಮ್ಮ, ಹಾರ್ಮೋನಿಯಂ ಎಲ್ಲಿ?" ಸಿಸ್ಟರು, "ಅದು ನನ್ನದಲ್ಲ ಅಲ್ವಾ ಅಮ್ಮ, ಮನೆಯದ್ದು" ಅಂದ್ರು. ಮನೆ ಅಂದ್ರೆ ಕಾನ್ವೆಂಟು.

ಬಸ್ಸು ಹೋದ್ಮೇಲೆ ಅಮ್ಮ ದಾರಿಯುದ್ದಕ್ಕೂ ಅದನ್ನೇ ಹೇಳ್ಕೊಂಡು ಬಂದ್ರು, ಇಷ್ಟು ವರ್ಷ ದುಡಿದೋರಿಗೆ ಒಂದು ಪೆಟ್ಟಿಗೆ ಕೊಟ್ಟು ಕಳಿಸೋಕಾಗ್ಲಿಲ್ವಾ ಇವರಿಗೆ ಅಂತ. ನನಗೂ ಸಿಟ್ಟಿತ್ತು, ಯಾರ ಮೇಲೆ ಅಂತ ಗೊತ್ತಿರ್ಲಿಲ್ಲ. ನಾವು ಕ್ರಿಶ್ಚಿಯನ್ನರಲ್ಲ, ಲಿಂಗಾಯತರು, ಚರ್ಚಿನ ಒಳಗಿನ ವ್ಯವಸ್ಥೆ ನಮಗೆ ತಿಳಿಯೋ ದಾರಿನೇ ಇರ್ಲಿಲ್ಲ. ದೊಡ್ಡೋಳಾದ್ಮೇಲೆ ಓದಿ, ಗೊತ್ತಿರೋ ಸಿಸ್ಟರುಗಳನ್ನ ಕೇಳಿ ಒಂದೊಂದೇ ಅರ್ಥ ಮಾಡ್ಕೊಂಡೆ. ಈಗ್ಲೂ ನಮ್ಮ ಕಡೆ ಜನ ಅದೇ ಪ್ರಶ್ನೆ ಕೇಳ್ತಾರೆ, ಇವರಿಗೆ ಸಂಬಳ ಬರುತ್ತಾ, ಯಾರು ಟ್ರಾನ್ಸ್‌ಫರ್ ಮಾಡ್ತಾರೆ, ದೇವರ ಸೇವೆಗೆ ಅಂತ ಬಂದೋರು ಮಕ್ಕಳಿಗೆ ಸರಿಗಮ ಯಾಕೆ ಹೇಳಿಕೊಡ್ತಾ ಕೂತಿರ್ತಾರೆ ಅಂತ. ಆ ಕೊನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸ್ಕೊಳ್ಳುತ್ತೆ ಅಂತ ನನಗೆ ಅನ್ಸುತ್ತೆ, ಯಾಕಂದ್ರೆ ಸಂಗೀತ ಅವರಿಗೆ ಸೈಡಲ್ಲಿ ಮಾಡೋ ಕೆಲಸ ಅಲ್ಲ, ಅವರ ದಿನ ಶುರುವಾಗೋದೇ ಹಾಡಿನಿಂದ.

ಮೊದಲು ಹೆಸರಿನ ವಿಷಯ. ನಾವು ಎಲ್ಲರನ್ನೂ ನನ್ ಅಂತೀವಿ, ಪೇಪರಲ್ಲಿ ಕನ್ಯಾಸ್ತ್ರೀ ಅಥವಾ ಧರ್ಮಭಗಿನಿ ಅಂತ ಬರೀತಾರೆ. ಆದ್ರೆ ಚರ್ಚಿನ ಲೆಕ್ಕದಲ್ಲಿ ಎರಡು ಥರ ಇದೆ. ಮಠದ ಗೋಡೆಯೊಳಗೇ ಇದ್ದು ಪ್ರಾರ್ಥನೆ ಮಾಡ್ಕೊಂಡು, ಹೊರಗೆ ಬರದೇ ಬದುಕೋರು ಒಂದು ಥರ, ಕಾರ್ಮೆಲ್ ಮಠದೋರ ಹಾಗೆ. ಸ್ಕೂಲು, ಆಸ್ಪತ್ರೆ, ಹಾಸ್ಟೆಲ್ ಅಂತ ಊರೊಳಗೆ ಓಡಾಡಿಕೊಂಡು ಕೆಲಸ ಮಾಡೋರು ಇನ್ನೊಂದು ಥರ, ನಮ್ಮ ಕಣ್ಣಿಗೆ ಬೀಳೋ ಸಿಸ್ಟರುಗಳು ಹೆಚ್ಚಾಗಿ ಇವರೇ. ಈ ಎರಡನೇ ಥರದವರ ಸಂಘಗಳನ್ನ ರೋಮು ಪೂರ್ತಿ ಸನ್ಯಾಸಿನಿಯರ ಸಂಘ ಅಂತ ಒಪ್ಪಿ ನಿಯಮ ಮಾಡಿದ್ದೇ 1900ರಲ್ಲಿ. ಆದ್ರೆ ಅಷ್ಟೊತ್ತಿಗಾಗ್ಲೇ ಅವರು ಜಗತ್ತೆಲ್ಲ ಓಡಾಡಿ ಸ್ಕೂಲು ಕಟ್ಟಿಯಾಗಿತ್ತು, ಬೆಂಗಳೂರಿಗೆ ಗುಡ್ ಶೆಫರ್ಡ್ ಸಿಸ್ಟರ್ಸ್ ಬಂದಿದ್ದು 1854ರಲ್ಲಿ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಲ್ಲ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೇ, ಅಂದ್ರೆ ಅಲ್ಲಿನ ಆರ್ಚ್‌ಬಿಷಪ್ಪರ ಆಡಳಿತಕ್ಕೇ, ಸೇರಿದ್ದು.

ಸಿಸ್ಟರ್ ಆಗೋದು ಒಂದೇ ದಿನದಲ್ಲಿ ಆಗೋದಲ್ಲ. ಬಂದ ಹುಡುಗಿ ಮೊದಲು ಸ್ವಲ್ಪ ಕಾಲ ಅವರ ಜೊತೆ ಇದ್ದು ನೋಡ್ಬೇಕು, ಅವರೂ ಇವಳನ್ನ ನೋಡ್ಬೇಕು. ಆಮೇಲೆ ನೊವಿಶಿಯೇಟ್, ಅಂದ್ರೆ ವ್ರತಕ್ಕೆ ಮುಂಚಿನ ತರಬೇತಿ, ಅದು ಕಡಿಮೆ ಅಂದ್ರೂ 12 ತಿಂಗಳು, ಈಗಿನ ನಿಯಮದ ಪ್ರಕಾರ 17 ತುಂಬದೆ ಅದಕ್ಕೆ ಸೇರಿಸ್ಕೊಳ್ಳೋ ಹಾಗಿಲ್ಲ. ಆಮೇಲೆ ಮೊದಲ ವ್ರತ, ಅದು ಜೀವನಪೂರ್ತಿಗಲ್ಲ, ಮೂರರಿಂದ ಆರು ವರ್ಷ, ಬೇಕಿದ್ರೆ ಒಂಬತ್ತರ ತನಕ ಎಳೀಬಹುದು, ಅಷ್ಟರೊಳಗೆ ಬೇಡ ಅನ್ಸಿದ್ರೆ ಅವಧಿ ಮುಗಿದ ದಿನ ಮನೆಗೆ ಹೋಗಬಹುದು. ಕೊನೆಗೆ ನಿತ್ಯವ್ರತ. ಮೂರು ವ್ರತ: ಬಡತನ, ಬ್ರಹ್ಮಚರ್ಯ, ವಿಧೇಯತೆ. ಬ್ರಹ್ಮಚರ್ಯದ ಬಗ್ಗೆ ಎಲ್ಲರೂ ಕೇಳ್ತಾರೆ, ಮಿಕ್ಕ ಎರಡರ ಬಗ್ಗೆ ಯಾರೂ ಕೇಳಲ್ಲ. ನಮ್ಮ ಸಿಸ್ಟರ ಹಾರ್ಮೋನಿಯಂ ಹಿಂದೆ ಉಳಿದಿದ್ದು ಆ ಮಿಕ್ಕ ಎರಡರಿಂದ, ಅದಕ್ಕೆ ಆಮೇಲೆ ಬರ್ತೀನಿ.

ಈಗ ಹಾಡಿನ ವಿಷಯ. ಸಿಸ್ಟರುಗಳು ಬೆಳಿಗ್ಗೆ ಎದ್ದ ತಕ್ಷಣ ಚ್ಯಾಪಲ್‌ನಲ್ಲಿ ಸೇರ್ತಾರೆ, ಸಂಜೆ ಮತ್ತೆ ಸೇರ್ತಾರೆ, ಮಲಗೋ ಮುಂಚೆ ಇನ್ನೊಂದ್ಸಲ. ಅಲ್ಲಿ ಹೇಳೋದು ಬೈಬಲ್ಲಿನ ಕೀರ್ತನೆಗಳು. ಒಟ್ಟು 150 ಇವೆ, ಹಳೇ ಮಠಗಳಲ್ಲಿ ವಾರಕ್ಕೊಂದು ಸುತ್ತು ಎಲ್ಲವನ್ನೂ ಮುಗಿಸೋರು, ಈಗ ನಾಲ್ಕು ವಾರಕ್ಕೆ ಒಂದು ಸುತ್ತು. ಹೇಳೋ ರೀತಿ ಹೇಗೆ ಅಂದ್ರೆ, ಎರಡು ಸಾಲಾಗಿ ಎದುರುಬದುರು ಕೂತಿರ್ತಾರೆ, ಈ ಕಡೆಯವರು ಒಂದು ಚರಣ, ಆ ಕಡೆಯವರು ಇನ್ನೊಂದು. ನಮ್ಮಲ್ಲಿ ಮದುವೆ ಮನೇಲಿ ಸೋಬಾನೆ ಹೇಳೋ ಹೆಂಗಸ್ರು ಎರಡು ಗುಂಪಾಗಿ ಒಬ್ಬರು ಎತ್ತಿ ಇನ್ನೊಬ್ಬರು ಹಿಡಿಯೋದು ನೋಡಿದೋರಿಗೆ ಇದು ತಟ್ಟನೆ ಗೊತ್ತಾಗುತ್ತೆ. ಎರಡು ಕಡೆ ಉಸಿರು ಒಂದೇ ಥರ ಇರ್ಬೇಕು, ಒಬ್ರು ಮುಂದೆ ಓಡಿದ್ರೂ ಕೆಡುತ್ತೆ. ಇದನ್ನ ದಿನಾ ಮಾಡೋ ಮನೇಲಿ ಶ್ರುತಿ ಹಿಡಿಯೋರು ಒಬ್ರು ಬೇಕೇ ಬೇಕು, ಹೊಸದಾಗಿ ಬಂದ ಹುಡುಗೀರಿಗೆ ಹೇಳಿಕೊಡೋರು ಬೇಕು. ಸ್ಕೂಲು ಗೀಲು ಎಲ್ಲ ಆಮೇಲೆ, ಕಾನ್ವೆಂಟಿಗೆ ಸಂಗೀತ ಟೀಚರ್ ಬೇಕಾಗಿದ್ದು ಮೊದಲು ಅವರ ಸ್ವಂತ ಪ್ರಾರ್ಥನೆಗೇ.

ಇದು ಎಷ್ಟು ಹಳೇದು ಅನ್ನೋಕೆ ಒಬ್ಬರ ಕತೆ ಹೇಳಲೇಬೇಕು. ಹಿಲ್ಡೆಗಾರ್ಡ್ ಅಂತ, ಜರ್ಮನಿಯ ರೈನ್ ನದಿ ತೀರದವರು, ಹುಟ್ಟಿದ್ದು 1098. ಚಿಕ್ಕವಯಸ್ಸಿನಲ್ಲೇ ಅಪ್ಪ ಅಮ್ಮ ಮಠಕ್ಕೆ ಒಪ್ಪಿಸಿದ್ರು, ಅಲ್ಲಿ ಯುಟ್ಟಾ ಅನ್ನೋ ಹಿರಿಯ ಸನ್ಯಾಸಿನಿ ಕೀರ್ತನೆ ಹೇಳೋದು, ಹತ್ತು ತಂತಿ ವಾದ್ಯ ನುಡಿಸೋದು ಕಲಿಸಿದ್ರು. ಅಂದ್ರೆ ಅವರ ಮೊದಲ ಗುರುನೂ ಒಬ್ಬ ಸಂಗೀತದ ಸಿಸ್ಟರೇ. ಮುಂದೆ ಇವರೇ ಮಠದ ಮುಖ್ಯಸ್ಥೆ ಆಗಿ, 1150ರ ಸುಮಾರಿಗೆ ಬೇರೆ ಕಡೆ ಹೊಸ ಮಠ ಕಟ್ಟಿ, ತಮ್ಮ ಸನ್ಯಾಸಿನಿಯರಿಗೆ ಹಾಡೋಕೆ 70ಕ್ಕೂ ಹೆಚ್ಚು ಹಾಡು ತಾವೇ ಕಟ್ಟಿದ್ರು. ಒಂದು ಸಂಗೀತ ನಾಟಕನೂ ಮಾಡಿದ್ರು, ಅದರಲ್ಲಿ ಸದ್ಗುಣಗಳೆಲ್ಲ ಪಾತ್ರ ಆಗಿ ಹಾಡ್ತವೆ, ಸೈತಾನ ಒಬ್ಬನಿಗೆ ಮಾತ್ರ ಹಾಡಿಲ್ಲ, ಅವನು ಬರೀ ಕೂಗ್ತಾನೆ. ನಮ್ಮ ಗುಬ್ಬಿ ಕಡೆ ನಾಟಕ ನೋಡಿ ಬೆಳೆದೋರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅರ್ಥ ಆಗುತ್ತೆ, ನಮ್ಮಲ್ಲಿ ದುರ್ಯೋಧನ, ದುಶ್ಶಾಸನ ಎಲ್ಲರೂ ಕಂದ ಎತ್ತಿ ಹಾಡ್ತಾರೆ, ಹಿಲ್ಡೆಗಾರ್ಡ್ ಮಾತ್ರ ಕೇಡಿಗೆ ಸ್ವರನೇ ಕೊಡ್ಲಿಲ್ಲ.

ಅವರಿಗೆ 80 ವರ್ಷ ಆದಾಗ, 1178ರಲ್ಲಿ, ಒಂದು ದೊಡ್ಡ ಸಂಕಟ ಬಂತು. ಒಂದು ಕಾಲಕ್ಕೆ ಚರ್ಚಿನಿಂದ ಬಹಿಷ್ಕಾರ ಆಗಿದ್ದ ಒಬ್ಬ ಯಜಮಾನನನ್ನ ಇವರ ಮಠದ ಸ್ಮಶಾನದಲ್ಲಿ ಹೂಣಿದ್ರು. ಹೆಣ ಹೊರಗೆ ತೆಗೀರಿ ಅಂತ ಮೈಂಟ್ಸ್ ಊರಿನ ಚರ್ಚ್ ಅಧಿಕಾರಿಗಳು ಆಜ್ಞೆ ಮಾಡಿದ್ರು. ಸಾಯೋ ಮುಂಚೆ ಅವನು ಚರ್ಚಿನ ಜೊತೆ ರಾಜಿ ಆಗಿದ್ದ, ತೆಗೆಯಲ್ಲ ಅಂದ್ರು ಹಿಲ್ಡೆಗಾರ್ಡ್. ಅದಕ್ಕೆ ಸಿಕ್ಕ ಶಿಕ್ಷೆ ಏನು ಗೊತ್ತಾ, ಇಡೀ ಮಠ ಹಾಡೋ ಹಾಗಿಲ್ಲ. ಕೀರ್ತನೆಗಳನ್ನ ಬಾಗಿಲು ಹಾಕ್ಕೊಂಡು ಪಿಸುದನಿಯಲ್ಲಿ ಓದ್ಕೋಬೇಕು ಅಷ್ಟೇ. ಅವರು ಹೆಣ ತೆಗೀಲಿಲ್ಲ, ಹಾಡೋದನ್ನ ನಿಲ್ಲಿಸಿದ್ರು, ಆದ್ರೆ ಉದ್ದನೆಯ ಪತ್ರ ಬರೆದ್ರು, ಸರಿಯಾದ ಕಾರಣ ಇಲ್ದೆ ದೇವರ ಸ್ತುತಿಯ ಬಾಯಿ ಮುಚ್ಚಿಸಿದೋರಿಗೆ ಸ್ವರ್ಗದ ಗಾನವೃಂದದಲ್ಲಿ ಜಾಗ ಇರಲ್ಲ ಅನ್ನೋ ಅರ್ಥದಲ್ಲಿ. 1179ರಲ್ಲಿ ಶಿಕ್ಷೆ ತೆಗೆದ್ರು, ಅದೇ ವರ್ಷ ಸೆಪ್ಟೆಂಬರಲ್ಲಿ ಅವರು ತೀರಿಕೊಂಡ್ರು. ವಿಧೇಯತೆ ಅನ್ನೋ ವ್ರತಕ್ಕೂ ಸುಮ್ಮನೆ ತಲೆ ಅಲ್ಲಾಡಿಸೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನನಗೆ ಈ ಕತೆಯಿಂದ ಗೊತ್ತಾಗಿದ್ದು. 2012ರಲ್ಲಿ ಪೋಪ್ 16ನೇ ಬೆನೆಡಿಕ್ಟ್, ಹಿಲ್ಡೆಗಾರ್ಡ್ ಅವರನ್ನ ಸಂತರು ಅಂತ ಸಾರಿ, ಚರ್ಚಿನ ಪಂಡಿತರ ಸಾಲಿಗೂ ಸೇರಿಸಿದ್ರು. ಎಂಟುನೂರು ವರ್ಷದ ಮೇಲೆ.

ಅಷ್ಟು ದೊಡ್ಡ ಪರಂಪರೆ ಇದ್ರೂ ಹೆಂಗಸರು ಚರ್ಚಿನಲ್ಲಿ ಹಾಡೋಕೆ ತಡೆ ಇತ್ತು ಅನ್ನೋದು ನಿಜ. 1903ರ ನವೆಂಬರ್ 22ಕ್ಕೆ ಪೋಪ್ 10ನೇ ಪಿಯುಸ್ ಸಂಗೀತದ ಬಗ್ಗೆ ಒಂದು ಆಜ್ಞೆ ಹೊರಡಿಸಿದ್ರು, ಗಾನವೃಂದ ಅನ್ನೋದು ಪೂಜೆಯ ಅಧಿಕೃತ ಕೆಲಸ, ಅದಕ್ಕೆ ಹೆಂಗಸರು ಸೇರೋ ಹಾಗಿಲ್ಲ, ಎತ್ತರದ ದನಿ ಬೇಕಿದ್ರೆ ಹುಡುಗರನ್ನ ಹಾಡಿಸಿ ಅಂತ. ಪಿಯಾನೋನೂ ಬೇಡ, ಡ್ರಮ್ಮು ತಾಳ ಬೇಡ. ಆ ದಿನ ಸಂಗೀತದ ಪಾಲಕಿ ಸಂತ ಸಿಸಿಲಿಯಾ ಹಬ್ಬ, ಸಿಸಿಲಿಯಾನೂ ಒಬ್ಬ ಹೆಣ್ಣೇ, ಅದು ನನಗೆ ತುಂಬ ನೋವು ಕೊಡೋ ವಿಷಯ. 1955ರಲ್ಲಿ ಈ ಬಿಗಿ ಸ್ವಲ್ಪ ಸಡಿಲ ಆಯ್ತು. ಪೂರ್ತಿ ಬದಲಾಗಿದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ. 1962ರಿಂದ 1965ರ ತನಕ ನಡೆದ ಸಭೆ ಅದು, 1963ರ ಡಿಸೆಂಬರ್ 4ಕ್ಕೆ ಪೂಜಾವಿಧಿಯ ಬಗ್ಗೆ ಒಂದು ದಾಖಲೆ ಹೊರಡಿಸ್ತು, ಜನರ ಭಾಷೆಯಲ್ಲಿ ಪೂಜೆ ಮಾಡೋಕೆ ಬಾಗಿಲು ತೆರೆದಿದ್ದು ಅದೇ. ಅದರ 119ನೇ ಕಲಮಿನಲ್ಲಿ ಒಂದು ಮಾತಿದೆ, ಕೆಲವು ದೇಶದ ಜನರಿಗೆ ಅವರದ್ದೇ ಸಂಗೀತ ಇದೆ, ಅದಕ್ಕೆ ತಕ್ಕ ಗೌರವ ಕೊಡ್ಬೇಕು, ಅಲ್ಲಿ ಕೆಲಸ ಮಾಡೋರು ಆ ಸಂಗೀತವನ್ನ ಸ್ಕೂಲಲ್ಲೂ ಪೂಜೆಯಲ್ಲೂ ಬೆಳೆಸೋಕೆ ತಯಾರಾಗ್ಬೇಕು ಅನ್ನೋದು ಅದರ ತಾತ್ಪರ್ಯ. ಸ್ಕೂಲಲ್ಲೂ ಅಂತ ಸ್ಪಷ್ಟವಾಗಿ ಇದೆ. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಎನ್‌ಬಿಸಿಎಲ್‌ಸಿ ಅನ್ನೋ ಚರ್ಚಿನ ರಾಷ್ಟ್ರೀಯ ಕೇಂದ್ರ 1967ರಲ್ಲಿ ಶುರುವಾಯ್ತು, 1969ರಲ್ಲಿ ಆರತಿ, ಅಂಜಲಿಯಂಥ ನಮ್ಮ ಪದ್ಧತಿಗಳಿಗೆ ಬಲಿಪೂಜೆಯಲ್ಲಿ ಅನುಮತಿ ಸಿಕ್ತು.

ನಮ್ಮ ಸಿಸ್ಟರು ಈ ತಿರುವಿನ ಎರಡೂ ಕಡೆ ಬದುಕಿದ್ದೋರು. ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ, 1960ರ ಹೊತ್ತಿಗೆ ಕಾನ್ವೆಂಟು ಸೇರಿದ್ರು. ನೊವಿಶಿಯೇಟಲ್ಲಿ ಕಲಿತಿದ್ದು ಪೂರ್ತಿ ಲ್ಯಾಟಿನ್. "ಬಾಯಿಪಾಠ ಮಾಡಿದ್ದು ಮಾರಾಯ್ತಿ, ಅರ್ಥ ಹಾಳೆಯ ಆ ಬದಿಯಲ್ಲಿ ಇರ್ತಿತ್ತು, ಹಾಡುವಾಗ ಆ ಬದಿ ನೋಡ್ಲಿಕ್ಕೆ ಆಗ್ತದಾ?" ಅಂತಿದ್ರು. ಇದ್ದಕ್ಕಿದ್ದ ಹಾಗೆ ಎಲ್ಲ ಕನ್ನಡಕ್ಕೆ ಬಂತು, ಹಾಡೋಕೆ ಹಾಡೇ ಇಲ್ಲ, ಇರೋ ಧಾಟಿಗೆ ಪದ ಕೂರಿಸಿದ್ರೆ ಕನ್ನಡದ ದೀರ್ಘ ಹ್ರಸ್ವ ಎಲ್ಲ ತಲೆಕೆಳಗಾಗ್ತಿತ್ತಂತೆ. 'ದೇವರೇ' ಅನ್ನೋದು 'ದೆವಾರೆ' ಅಂತ ಕೇಳ್ಸಿದ್ರೆ ಯಾರಿಗೆ ಭಕ್ತಿ ಬರುತ್ತೆ. ಆಗ ಅವರ ಮದರ್ ಸುಪೀರಿಯರು ಇವರನ್ನ ಕರೆದು ಕರ್ನಾಟಕ ಸಂಗೀತ ಕಲಿ ಅಂದ್ರು. ಸಿಸ್ಟರು ಕೇಳಿ ಪಡೆದಿದ್ದಲ್ಲ, ಹೇಳಿ ಕಳಿಸಿದ್ದು. ಮೂವತ್ತು ದಾಟಿದ ಹೆಂಗಸು, ಬಿಳಿ ಸೀರೆ ಶಿಲುಬೆ ಹಾಕ್ಕೊಂಡು, ಒಬ್ಬ ವಯಸ್ಸಾದ ಮೇಷ್ಟ್ರ ಮನೆ ಜಗಲಿ ಮೇಲೆ ಏಳು ವರ್ಷದ ಮಕ್ಕಳ ಜೊತೆ ಕೂತು ಸರಳೆ ವರಸೆಯಿಂದ ಶುರು ಮಾಡಿ ಜೂನಿಯರ್, ಸೀನಿಯರ್ ಎರಡೂ ಪಾಸ್ ಮಾಡಿದ್ರು.

ಹಾಗಾಗಿ ಅವರ ಕ್ಲಾಸು ಅನ್ನೋದು ಎರಡು ನದಿ ಸೇರೋ ಜಾಗ ಇದ್ದ ಹಾಗಿತ್ತು, ಆಗ ನಮಗೆ ಅದೇನು ಗೊತ್ತಾಗ್ತಿರ್ಲಿಲ್ಲ. ಸ್ಕೂಲು ಬಿಟ್ಮೇಲೆ ನಾಲ್ಕೂವರೆಗೆ, ಹಾಲಿನ ಸ್ಟೇಜಿನ ಪಕ್ಕದ ಸಣ್ಣ ರೂಮು, ಚಾಪೆ ಮೇಲೆ ಒಂದು ಹತ್ತು ಹುಡುಗೀರು. ಒಂದಿನ ನಾನು ಕೇಳ್ದೆ, ಸಿಸ್ಟರ್, ಅವರು ಡೊ ರೆ ಮಿ ಅಂತಾರಲ್ಲ, ನಾವು ಯಾಕೆ ಸರಿಗಮ ಅನ್ಬೇಕು ಅಂತ. ಅವರು ಪುಸ್ತಕ ಮುಚ್ಚಿಟ್ಟು ಹೇಳಿದ್ರು. ಸುಮಾರು ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಗ್ವಿದೊ ಅಂತ ಒಬ್ಬ ಸನ್ಯಾಸಿ ಇದ್ರು, ಮಠದ ಹುಡುಗರಿಗೆ ಹಾಡು ಕಲಿಸಿ ಕಲಿಸಿ ಸುಸ್ತಾಗಿದ್ರು, ಯಾಕಂದ್ರೆ ಎಲ್ಲ ಕೇಳಿ ಬಾಯಿಪಾಠ ಮಾಡೋದು, ವರ್ಷಗಟ್ಟಲೆ ಹಿಡೀತಿತ್ತು. ಸ್ನಾನಿಕ ಯೋಹಾನರ ಮೇಲೆ ಒಂದು ಲ್ಯಾಟಿನ್ ಸ್ತುತಿ ಇತ್ತು, ಅದರ ಒಂದೊಂದು ಪದಗುಚ್ಛವೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿಂದ ಶುರುವಾಗ್ತಿತ್ತು. ಆ ಮೊದಲ ಅಕ್ಷರಗಳನ್ನ ಎತ್ತಿಕೊಂಡು ಉಟ್, ರೆ, ಮಿ, ಫಾ, ಸೊಲ್, ಲಾ ಅಂತ ಹೆಸರಿಟ್ರು. ಉಟ್ ಹೋಗಿ ಡೊ ಆಗಿದ್ದು, ಏಳನೇದು ಸೇರಿದ್ದು ಎಲ್ಲ ಆಮೇಲೆ. ಗೆರೆ ಎಳೆದು ಅದರ ಮೇಲೆ ಸ್ವರ ಕೂರಿಸೋ ಪದ್ಧತಿನೂ ಅವರೇ ಊರ್ಜಿತ ಮಾಡಿದ್ದು. ನಮ್ಮಲ್ಲಿ ಪುರಂದರದಾಸರು ಮಕ್ಕಳಿಗೆ ಅಂತ ಮಾಯಾಮಾಳವಗೌಳ ಆರಿಸಿ ಸರಳೆ ಜಂಟಿ ಅಲಂಕಾರ ಅಂತ ಮೆಟ್ಟಿಲು ಕಟ್ಟಿಕೊಟ್ರಲ್ಲ, ಆ ಥರದ್ದೇ ಕೆಲಸ. "ಒಬ್ಬರು ಸನ್ಯಾಸಿ, ಒಬ್ಬರು ದಾಸರು ನೋಡು, ಇಬ್ಬರಿಗೂ ಮಕ್ಕಳದ್ದೇ ಚಿಂತೆ" ಅಂದ್ರು.

ಆಮೇಲೆ ಹಾರ್ಮೋನಿಯಂ ಎಳ್ಕೊಂಡು ಒಂದನೇ ಬಿಳಿ ಮನೆಯಿಂದ, ಮನೆ ಅಂದ್ರೆ ಒತ್ತೋ ಕೀ, ಎಂಟು ಬಿಳಿ ಮನೆ ಸಾಲಾಗಿ ಒತ್ತಿ ತೋರಿಸಿದ್ರು, ಇದು ಅವರ ಡೊ ರೆ ಮಿ, ಇದೇ ನಮ್ಮ ಶಂಕರಾಭರಣ ಅಂತ. ಎರಡು ಸ್ವರ ಬಿಟ್ಟು ಮತ್ತೆ ಒತ್ತಿದ್ರು, ಮ ಇಲ್ಲ ನಿ ಇಲ್ಲ, ಮೋಹನ ಆಯ್ತು. ಚರ್ಚಿಗೆ ಅವರು ಕಟ್ಟಿದ ಕನ್ನಡ ಕೀರ್ತನೆಗಳು ಬಹಳಷ್ಟು ಮೋಹನದಲ್ಲೇ ಇದ್ವು, ಹೊಲ ಮನೆ ಕೆಲಸ ಮಾಡಿ ಬಂದೋರು ಎರಡೇ ಸಲ ಕೇಳಿ ಹಿಡಿದುಬಿಡ್ತಾರೆ ಅನ್ನೋ ಲೆಕ್ಕ. ಪಿಳ್ಳಾರಿ ಗೀತೆ ಶುರುವಾದಾಗ ಒಬ್ಬಳು ಹುಡುಗಿ ಅಳುಕ್ತಾ, ಸಿಸ್ಟರ್ ಇದು ಗಣಪತಿದು ಅಂದ್ಳು. ಸಿಸ್ಟರು, "ಹೌದು, ಪರೀಕ್ಷೆಗೆ ಅದೇ ಬರ್ತದೆ, ಮಲಹರಿ, ರೂಪಕ ತಾಳ, ಕೈ ಹಾಕು" ಅಂದ್ರು.

ಹಾರ್ಮೋನಿಯಂ ಬಗ್ಗೆ ನಿಂತು ಎರಡು ಮಾತು ಹೇಳ್ಬೇಕು. ತುಮಕೂರು ಜಿಲ್ಲೆಗೆ ಇದು ಹೊಸದಲ್ಲ, ಗುಬ್ಬಿ ಕಂಪನಿ ಕಾಲದಿಂದ ಕಾಲು ಹಾರ್ಮೋನಿಯಂ ಇಲ್ದೆ ನಾಟಕ ಇಲ್ಲ, ಈಗ್ಲೂ ಹಳ್ಳಿಲಿ ಕುರುಕ್ಷೇತ್ರ ಆಡಿಸ್ಬೇಕು ಅಂದ್ರೆ ಮೊದಲು ಹುಡುಕೋದು ಹಾರ್ಮೋನಿಯಂ ಮೇಷ್ಟ್ರನ್ನ. ಆದ್ರೆ ಅದು ಹುಟ್ಟಿದ್ದು 1840ರ ಆಸುಪಾಸಿನ ಫ್ರಾನ್ಸಿನಲ್ಲಿ, ಪೈಪ್ ಆರ್ಗನ್ ಇಡೋ ಶಕ್ತಿ ಇಲ್ಲದ ಸಣ್ಣ ಚರ್ಚುಗಳಿಗೆ ತುಂಬ ಉಪಯೋಗಕ್ಕೆ ಬಂತು, ಮಿಷನರಿಗಳ ಜೊತೆ ಇಲ್ಲಿಗೆ ಬಂತು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ಇನ್ನೊಂದು ಕೈಯಲ್ಲಿ ನುಡಿಸೋ ಹಾಗೆ ಬದಲಾಯಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅದಕ್ಕೊಂದು ಕೊರತೆ ಇದೆ. ಒಂದೊಂದು ಮನೆಗೂ ಒಂದೊಂದು ಹಿತ್ತಾಳೆ ನಾಲಿಗೆ, ಅದು ಒಂದೇ ಸ್ವರ ನುಡಿಯುತ್ತೆ, ಎರಡು ಸ್ವರದ ನಡುವೆ ಜಾರೋಕೆ ಆಗಲ್ಲ, ಗಮಕ ಬರಲ್ಲ. ಇದೇ ಕಾರಣಕ್ಕೆ ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಂನ ದೂರ ಇಟ್ಟಿತ್ತು. ಸಿಸ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು, ಚರ್ಚಿನ ಹಾಡಿಗೆ ಪೂರ್ತಿ ನುಡಿಸೋರು, ವರ್ಣಕ್ಕೆ ಬಂದ ಕೂಡ್ಲೇ ಸ ಪ ಎರಡೇ ಹಿಡಿದು ಮಿಕ್ಕಿದ್ದು ಗಂಟಲಲ್ಲೇ ಹೇಳಿಕೊಡೋರು.

ಮಳೆಗಾಲ ಬಂದ್ರೆ ಆ ಪೆಟ್ಟಿಗೆಯ ಮೇಲಿನ ಗ ಕಚ್ಚಿಕೊಳ್ತಿತ್ತು, ಬೆರಳು ತೆಗೆದ್ರೂ ಗುಂಯ್ ಅಂತ ಕೂಗ್ತಾನೇ ಇರೋದು. ಸಿಸ್ಟರು ಸೆರಗು ಸೊಂಟಕ್ಕೆ ಸಿಗಿಸಿ, ಸ್ಕ್ರೂ ಡ್ರೈವರ್ ತಗೊಂಡು ಮೇಲಿನ ಹಲಗೆ ಬಿಚ್ಚೋರು, ಒಳಗೆ ಸಾಲಾಗಿ ಹಿತ್ತಾಳೆ ನಾಲಿಗೆಗಳು, ಉದ್ದದ್ದು ಈ ಕಡೆ, ಬರಬರ್ತಾ ಚಿಕ್ಕದು. ಹಳೇ ಇನ್‌ಲ್ಯಾಂಡ್ ಲೆಟರ್ ಒಂದನ್ನ ಸಣ್ಣ ಪಟ್ಟಿಯಾಗಿ ಹರಿದು, ಆ ನಾಲಿಗೆ ಕೆಳಗೆ ಮೆಲ್ಲಗೆ ತೂರಿಸಿ ಎಳೆದ್ರೆ ಒಂದು ಚೂರು ಧೂಳು, ಒಂದ್ಸಲ ಸತ್ತ ಇರುವೆ, ಹೊರಗೆ ಬರೋದು. ನಮ್ಮ ಕೈಯಲ್ಲೂ ಮಾಡಿಸೋರು. "ಜೋರು ಎಳೀಬೇಡ, ನಾಲಿಗೆ ಬಾಗಿದ್ರೆ ಶ್ರುತಿ ಹೋಯ್ತು, ಹೊಸದು ಹಾಕಿಸ್ಲಿಕ್ಕೆ ಬೆಂಗ್ಳೂರಿಗೆ ಹೋಗ್ಬೇಕು, ದುಡ್ಡು ಕೇಳ್ಬೇಕು." ದುಡ್ಡು ಕೇಳ್ಬೇಕು ಅನ್ನೋ ಮಾತು ನನಗೆ ಆಗ ವಿಚಿತ್ರ ಅನ್ಸಿತ್ತು, ಟೀಚರಿಗೆ ಸಂಬಳ ಇಲ್ವಾ ಅಂತ.

ಇಲ್ಲಿಗೆ ಬಡತನದ ವ್ರತ ಬರುತ್ತೆ. ಸಿಸ್ಟರ್ ಒಬ್ಬರು ದುಡಿದು ಸಂಪಾದಿಸಿದ್ದು ಏನೇ ಇದ್ರೂ ಅದು ಅವರ ಸಂಘಕ್ಕೆ ಸೇರುತ್ತೆ, ಇದು ಚರ್ಚಿನ 1983ರ ಧರ್ಮಸಂಹಿತೆಯಲ್ಲೇ ಇದೆ, 668ನೇ ಕಲಮು. ಸಂಬಳ ಬಂದ್ರೆ ಮನೆಯ ಖಾತೆಗೆ, ಯಾರಾದ್ರೂ ಉಡುಗೊರೆ ಕೊಟ್ರೂ ಅಲ್ಲಿಗೇ. ಬದಲಿಗೆ ಊಟ, ಬಟ್ಟೆ, ಔಷಧಿ, ವಯಸ್ಸಾದ್ಮೇಲೆ ನೋಡ್ಕೊಳ್ಳೋದು ಎಲ್ಲ ಸಂಘದ ಜವಾಬ್ದಾರಿ. ಬಸ್ ಚಾರ್ಜಿಗೂ ಕೇಳಿ ತಗೋಬೇಕು, ಲೆಕ್ಕ ಕೊಡ್ಬೇಕು. ತುಮಕೂರಿನವರಿಗೆ ಇದನ್ನ ಅರ್ಥ ಮಾಡಿಸೋದು ಕಷ್ಟ ಅಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ, ವಸತಿ ಎಲ್ಲ ನಡೀತಿತ್ತು, 2019ರಲ್ಲಿ 111ನೇ ವಯಸ್ಸಿಗೆ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಅದನ್ನ ಒಂದು ದಿನನಾದ್ರೂ ನನ್ನದು ಅಂದ್ಕೊಂಡಿದ್ರಾ? ಸಂಸ್ಥೆಯಲ್ಲಿ ಎಷ್ಟೇ ಇದ್ರೂ ಮನುಷ್ಯನ ಕೈ ಖಾಲಿ. ವ್ಯತ್ಯಾಸ ಇಷ್ಟೇ, ನಮ್ಮಲ್ಲಿ ಅದು ಮಠದ ಸ್ವಾಮೀಜಿಯೊಬ್ಬರಲ್ಲಿ ಎದ್ದು ಕಾಣುತ್ತೆ, ಅಲ್ಲಿ ಅಡುಗೆಮನೆ ನೋಡ್ಕೊಳ್ಳೋ ಸಿಸ್ಟರಿಗೂ ಹೆಡ್‌ಮಿಸ್ಟ್ರೆಸ್ ಸಿಸ್ಟರಿಗೂ ಅದೇ ನಿಯಮ.

ಇದರ ಮೇಲೆ ಕೋರ್ಟಲ್ಲೂ ದೊಡ್ಡ ವಾದ ನಡೀತು. ಅನುದಾನಿತ ಸ್ಕೂಲಲ್ಲಿ ಪಾಠ ಮಾಡೋ ಸಿಸ್ಟರಿಗೆ ಸರ್ಕಾರ ಸಂಬಳ ಕೊಡುತ್ತೆ, ಅದು ಅವರ ಕೈಗೆ ಉಳಿಯಲ್ಲ ಅಂದ್ಮೇಲೆ ಇನ್‌ಕಮ್ ಟ್ಯಾಕ್ಸ್ ಯಾಕೆ ಹಿಡೀಬೇಕು ಅಂತ ಸಂಘಗಳು ಕೇಳಿದ್ವು, ಎಷ್ಟೋ ದಶಕ ಹಿಡೀತಾನೂ ಇರ್ಲಿಲ್ಲ. 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಹಿಡೀಲೇಬೇಕು ಅಂತು. ಸಂಬಳ ಮೊದಲು ಕೆಲಸ ಮಾಡಿದೋರ ಆದಾಯ, ಆಮೇಲೆ ಅವರು ಅದನ್ನ ಯಾರಿಗೆ ಕೊಡ್ತಾರೆ ಅನ್ನೋದು ಬೇರೆ ವಿಷಯ ಅನ್ನೋದು ಅದರ ಹಿಂದಿನ ತರ್ಕ. ಕಾನೂನಿನ ಕಣ್ಣಿಗೆ ಸರಿ ಇರಬಹುದು. ನಾನು ಕಣ್ಣಾರೆ ನೋಡಿದ್ದು ಮಾತ್ರ ಹಾರ್ಮೋನಿಯಂಗೆ ಒಂದು ನಾಲಿಗೆ ಹಾಕಿಸೋಕೂ ಚೀಟಿ ಬರೆದು ಕಾಯ್ತಿದ್ದ ಹೆಂಗಸನ್ನ.

ಹೆಸರು ಬಂದ್ರೂ ಕತೆ ಅದೇ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಸಿಸ್ಟರ್ ಜ್ಯಾನೆಟ್ ಮೀಡ್ ಅಂತ ಒಬ್ಬರಿದ್ರು, ಸಿಸ್ಟರ್ಸ್ ಆಫ್ ಮರ್ಸಿ ಸಂಘದವರು, ಸ್ಕೂಲಲ್ಲಿ ಸಂಗೀತದ ಟೀಚರು. 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಗೆ ರಾಕ್ ಧಾಟಿ ಹಾಕಿ ಹಾಡಿದ್ದು 1974ರಲ್ಲಿ 4ನೇ ಸ್ಥಾನದ ತನಕ ಹೋಯ್ತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ. ಬಂದ ದುಡ್ಡು ಪೂರ್ತಿ ದಾನಕ್ಕೆ ಹೋಯ್ತು, ಅವರು ಮತ್ತೆ ಪಾಠಕ್ಕೆ, ಮನೆ ಇಲ್ಲದೋರ ಸೇವೆಗೆ ವಾಪಸ್ ಬಂದ್ರು, 2022ರಲ್ಲಿ ತೀರಿಕೊಳ್ಳೋ ತನಕ ಅದೇ ಊರು.

ಇನ್ನು ವಿಧೇಯತೆ. ಟ್ರಾನ್ಸ್‌ಫರ್ ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲಿ ಬರುತ್ತೆ, ಪ್ರಾಂತ್ಯದ ಮುಖ್ಯಸ್ಥೆಯಿಂದ ಒಂದು ಕಾಗದ. ಹೋಗಲ್ಲ ಅನ್ನೋಕಾಗಲ್ಲ, ಕಷ್ಟ ಇದ್ರೆ ಹೇಳಿಕೊಳ್ಳಬಹುದು, ಕೊನೆಗೆ ಅವರು ಹೇಳಿದ ಕಡೆ ಹೋಗೋದೇ. ಒಂದೇ ಜಾಗಕ್ಕೆ, ಜನಕ್ಕೆ ಅಂಟಿಕೊಳ್ಳಬಾರದು ಅನ್ನೋದು ಹಿಂದಿನ ಉದ್ದೇಶ, ಎಲ್ಲಿ ಆಳು ಬೇಕೋ ಅಲ್ಲಿಗೆ ಕಳಿಸ್ಬೇಕು ಅನ್ನೋ ಸರಳ ಲೆಕ್ಕನೂ ಇದೆ. ನನಗೆ ಇದನ್ನ ಪೂರ್ತಿ ಒಪ್ಪೋಕೆ ಇವತ್ತಿಗೂ ಆಗಲ್ಲ. ಗಣಿತದ ಟೀಚರ್ ಹೋದ್ರೆ ಇನ್ನೊಬ್ರು ಅದೇ ಲೆಕ್ಕ ಮುಂದುವರಿಸ್ತಾರೆ, ಸಂಗೀತದಲ್ಲಿ ಗಂಟಲು ಒಬ್ಬರ ಕಿವಿಗೆ ಒಗ್ಗಿರುತ್ತೆ, ನಡುವೆ ಕಡಿದ್ರೆ ಕಡಿದುಹೋಗುತ್ತೆ. ನಮ್ಮ ಕ್ಲಾಸಿನ ಹತ್ತು ಜನದಲ್ಲಿ ಸೀನಿಯರ್ ಪರೀಕ್ಷೆಗೆ ಕೂತಿದ್ದು ಇಬ್ಬರೇ, ನಾನು ಆ ಇಬ್ಬರಲ್ಲಿ ಇಲ್ಲ. ಆದ್ರೆ ಅದೇ ನಿಯಮ ಇಲ್ದೆ ಹೋಗಿದ್ರೆ ಮಂಗಳೂರಿನ ಆ ಹುಡುಗಿ ತುಮಕೂರಿಗೆ ಬರ್ತಾನೂ ಇರ್ಲಿಲ್ಲ, ಜಗಲಿ ಮೇಲೆ ಕೂತು ಸರಳೆ ಕಲೀತಾನೂ ಇರ್ಲಿಲ್ಲ, ಇದೂ ನನಗೆ ಗೊತ್ತು.

ಸಿಸ್ಟರು ಆಮೇಲೆ ಇನ್ನೂ ನಾಲ್ಕು ಊರು ಸುತ್ತಿದ್ರು. 2016ರಲ್ಲಿ ಕರಾವಳಿ ಕಡೆ ವಯಸ್ಸಾದ ಸಿಸ್ಟರುಗಳ ಮನೆಯಲ್ಲಿ ತೀರಿಕೊಂಡ್ರು, ಸುದ್ದಿ ತಿಳಿದು ರಾತ್ರಿ ಬಸ್ಸಿಗೆ ಹೋದೆ. ಅವರನ್ನ ಹೂಳೋ ಜಾಗದಲ್ಲಿ ಎಲ್ಲ ಶಿಲುಬೆಗಳೂ ಒಂದೇ ಅಳತೆ, ಒಂದೇ ಸಾಲು, ಹೆಸರು, ಹುಟ್ಟಿದ್ದು, ವ್ರತ ತಗೊಂಡಿದ್ದು, ಹೋಗಿದ್ದು, ಇಷ್ಟೇ ಬರಹ. ಚ್ಯಾಪಲ್‌ನಲ್ಲಿ ಮುದುಕಿಯರೇ ಹಾಡಿದ್ರು, ಎರಡು ಸಾಲಾಗಿ, ಈ ಕಡೆ ಒಂದು ಚರಣ ಆ ಕಡೆ ಒಂದು. ಮೋಹನ. ನಾನು ಹಿಂದೆ ನಿಂತೋಳು ಎರಡನೇ ಚರಣಕ್ಕೆ ಸೇರ್ಕೊಂಡೆ, ಪದ ಎಲ್ಲ ಬರ್ತಿತ್ತು.

ಮಣ್ಣು ಕೊಟ್ಟು ಬಂದ್ಮೇಲೆ ಅಲ್ಲಿನ ಸುಪೀರಿಯರ್ ಸಿಸ್ಟರು ರೂಮು ತೋರಿಸಿದ್ರು. ಮಂಚ, ಜಪಮಾಲೆ, ಪ್ರಾರ್ಥನೆ ಪುಸ್ತಕ, ಎರಡು ಸೀರೆ, ಕನ್ನಡಕ, ರಟ್ಟು ಹರಿದ ಒಂದು ನೋಟ್‌ಬುಕ್ಕು. ನೋಟ್‌ಬುಕ್ ತುಂಬ ಸ್ವರ, ಮೇಲೆ ಕನ್ನಡದ ಸಾಹಿತ್ಯ, ಉಸಿರು ತಗೊಳ್ಳೋ ಜಾಗದಲ್ಲೆಲ್ಲ ಕೆಂಪು ಪೆನ್ನಿನ ಗೀಟು, ಅಂಚಲ್ಲಿ ಮಕ್ಕಳ ಹೆಸರು. ನನ್ನ ಹೆಸರೂ ಇತ್ತು, ಪಕ್ಕದಲ್ಲಿ "ಪಂಚಮ ತಗ್ಗಿಸ್ತಾಳೆ, ಉಸಿರು ಮೊದಲೇ ತಗೊಳ್ಳಲಿ" ಅಂತ. ಇದನ್ನ ತಗೊಂಡು ಹೋಗ್ಲಾ ಸಿಸ್ಟರ್ ಅಂತ ಕೇಳಬೇಕು ಅನ್ಸ್ತು, ಆದ್ರೆ ಬಸ್ ಸ್ಟ್ಯಾಂಡಲ್ಲಿ ಅವರು ಅಮ್ಮನಿಗೆ ಹೇಳಿದ್ದು ಕಿವಿಯಲ್ಲಿತ್ತು. ಜೆರಾಕ್ಸ್ ಮಾಡಿಸ್ಕೊಂಡು ವಾಪಸ್ ಕೊಡ್ತೀನಿ ಅಂದೆ. ಗೇಟಿನ ಎದುರು ರಸ್ತೆಯಲ್ಲೇ ಅಂಗಡಿ, ಅಂಗಡಿ ಹುಡುಗ ಪುಟ ತಿರುವಿ ನೋಡಿ, ಕೆಂಪು ಗೀಟು ಕಪ್ಪಾಗಿ ಬರ್ತದೆ ಅಕ್ಕ, ಅಡ್ಡಿಲ್ವಾ ಅಂದ. ಅಡ್ಡಿಲ್ಲ, ಒಂದೂ ಬಿಡ್ಬೇಡ, ಎಲ್ಲ ಬರಲಿ ಅಂದೆ.